ಡಿಸಿ ಸರ್ಕ್ಯೂಟ್ ಬಗ್ಗೆ ಹೈಸ್ಕೂಲ್ ಮಕ್ಕಳು ಪದೇ ಪದೇ ಕೇಳೋ ಪ್ರಶ್ನೆಗಳು

ಎಂಟು ಒಂಬತ್ತು ಹತ್ತನೇ ಕ್ಲಾಸ್ ಮಕ್ಕಳಿಗೆ ವಿದ್ಯುತ್ ಪಾಠ ಬಂದಾಗ ಎಲ್ರೂ ಸುಮಾರು ಒಂದೇ ಜಾಗದಲ್ಲಿ ಎಡವೋದು, ಅದಕ್ಕೆ ಇಲ್ಲಿ ಒಟ್ಟಿಗೆ ಬರ್ದಿಟ್ಟಿದೀನಿ. ನಿಮ್ಮ ಪಠ್ಯಪುಸ್ತಕದಲ್ಲಿ ವಿಭವಾಂತರ ಅಂತ ಇದ್ರೆ ನಾನು ವೋಲ್ಟೇಜ್ ಅಂತೀನಿ, ರೋಧ ಅಂದ್ರೆ ರೆಸಿಸ್ಟೆನ್ಸ್, ವಿದ್ಯುತ್ ಮಂಡಲ ಅಂದ್ರೆ ಸರ್ಕ್ಯೂಟ್. ಪರೀಕ್ಷೇಲಿ ಮಾತ್ರ ಪುಸ್ತಕದ ಪದಾನೇ ಬರೀರಿ.

ಡಿಸಿ ಅಂದ್ರೆ ಏನು? ಮನೆಗೆ ಬರೋ ಕರೆಂಟ್ ಡಿಸಿ ಅಲ್ವಾ?

ಅಲ್ಲ. ಮನೆ ಪ್ಲಗ್ಗಿಗೆ ಬರೋದು 230 ವೋಲ್ಟ್, 50 ಹರ್ಟ್ಸ್ ಎಸಿ, ಅಂದ್ರೆ ಕರೆಂಟ್ ಹರಿಯೋ ದಿಕ್ಕು ಸೆಕೆಂಡಿಗೆ 100 ಸಲ ಅದಲು ಬದಲಾಗ್ತಾ ಇರತ್ತೆ. ಡಿಸಿಲಿ ದಿಕ್ಕು ಬದಲಾಗಲ್ಲ. ಪೆನ್ಸಿಲ್ ಸೆಲ್, ಸ್ಕೂಟರ್ ಬ್ಯಾಟರಿ, ಸೋಲಾರ್ ಪ್ಯಾನೆಲ್ ಎಲ್ಲಾ ಕೊಡೋದು ಡಿಸಿನೇ. ಮೊಬೈಲ್ ಒಳಗಡೆ ನಡೆಯೋದೂ ಡಿಸಿ, ಚಾರ್ಜರ್ ಇರೋದೇ ಎಸಿನ ಡಿಸಿ ಮಾಡಕ್ಕೆ.

ಡಿಸಿ ಅಂದ್ರೆ ಬರೀ ಚಿಕ್ಕ ಚಿಕ್ಕ ಸೆಲ್ಲು ಅಂದ್ಕೊಬೇಡಿ. ಬೆಂಗಳೂರಿನ ನಮ್ಮ ಮೆಟ್ರೋ ಓಡೋದು ಹಳಿ ಪಕ್ಕದ ಮೂರನೇ ಹಳಿಲಿ ಬರೋ 750 ವೋಲ್ಟ್ ಡಿಸಿ ಮೇಲೆ, ಅದಕ್ಕೇ ಟ್ರ್ಯಾಕ್ ಮೇಲೆ ಇಳೀಬೇಡಿ ಅಂತ ಅಷ್ಟೊಂದು ಹೇಳೋದು. ಪಾವಗಡದ ಸೋಲಾರ್ ಪಾರ್ಕಲ್ಲೂ ಪ್ಯಾನೆಲ್ಲಿಂದ ಮೊದಲು ಬರೋದು ಡಿಸಿ, ಆಮೇಲೆ ಇನ್ವರ್ಟರ್ ಹಾಕಿ ಎಸಿ ಮಾಡಿ ಗ್ರಿಡ್ಡಿಗೆ ಬಿಡ್ತಾರೆ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರದ ತನಕ 500 ಕಿಲೋವೋಲ್ಟ್ ಡಿಸಿ ಲೈನೇ ಇದೆ, ಅಷ್ಟು ದೂರಕ್ಕೆ ಡಿಸಿಲಿ ನಷ್ಟ ಕಮ್ಮಿ.

ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಮೂರೂ ಕಲಸಿ ಹೋಗತ್ತೆ, ಸರಿಯಾಗಿ ಹೇಳಿ.

ಕರೆಂಟ್ ಅಂದ್ರೆ ತಂತಿಯ ಒಂದು ಜಾಗನ ಒಂದು ಸೆಕೆಂಡಲ್ಲಿ ಎಷ್ಟು ಆವೇಶ (ಚಾರ್ಜ್) ದಾಟತ್ತೆ ಅನ್ನೋದು. 1 ಆಂಪಿಯರ್ ಅಂದ್ರೆ ಸೆಕೆಂಡಿಗೆ 1 ಕೂಲಂಬ್, ಎಲೆಕ್ಟ್ರಾನ್ ಲೆಕ್ಕದಲ್ಲಿ ಸುಮಾರು 6.24 × 10^18. ವೋಲ್ಟೇಜ್ ಅಂದ್ರೆ ಒಂದೊಂದು ಕೂಲಂಬ್ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗೋವಾಗ ಎಷ್ಟು ಶಕ್ತಿ ಕೊಡತ್ತೆ ಅಥವಾ ಪಡಿಯತ್ತೆ ಅನ್ನೋದು, 1 ವೋಲ್ಟ್ ಅಂದ್ರೆ ಕೂಲಂಬಿಗೆ 1 ಜೂಲ್. ರೆಸಿಸ್ಟೆನ್ಸ್ ಅಂದ್ರೆ ಕರೆಂಟ್ ಹರಿಯಕ್ಕೆ ಎಷ್ಟು ಅಡ್ಡಿ ಅನ್ನೋದರ ಅಳತೆ, ಏಕಮಾನ ಓಮ್. ವೋಲ್ಟೇಜನ್ನ ರೆಸಿಸ್ಟೆನ್ಸಿಂದ ಭಾಗ್ಸಿದ್ರೆ ಕರೆಂಟ್ ಸಿಗತ್ತೆ.

ಒಂದು ವಿಷಯ ಗಮನಿಸಿ. ಕರೆಂಟ್ ಒಂದು ಜಾಗದ *ಮೂಲಕ* ಹರಿಯತ್ತೆ, ವೋಲ್ಟೇಜ್ ಎರಡು ಜಾಗಗಳ *ನಡುವೆ* ಇರತ್ತೆ. 'ಈ ರೆಸಿಸ್ಟರ್ ಮೂಲಕ 3 ವೋಲ್ಟ್ ಹರೀತಿದೆ' ಅಂತ ಬರೆದ್ರೆ ಪಾಠ ಇನ್ನೂ ತಲೆಗೆ ಹೋಗಿಲ್ಲ ಅಂತ ಮೇಷ್ಟ್ರಿಗೆ ಅಲ್ಲೇ ಗೊತ್ತಾಗತ್ತೆ.

ಎಲೆಕ್ಟ್ರಾನ್ ಮೈನಸ್ಸಿಂದ ಪ್ಲಸ್ಸಿಗೆ ಹೋದ್ರೆ ಬಾಣದ ಗುರುತು ಯಾಕೆ ಪ್ಲಸ್ಸಿಂದ ಮೈನಸ್ಸಿಗೆ ಹಾಕ್ತಾರೆ?

ಪ್ಲಸ್ಸು ಮೈನಸ್ಸು ಅಂತ ಹೆಸರಿಟ್ಟಿದ್ದು 18ನೇ ಶತಮಾನದಲ್ಲಿ, ಎಲೆಕ್ಟ್ರಾನ್ ಸಿಕ್ಕಿದ್ದು 1897ರಲ್ಲಿ. ಅಷ್ಟೊತ್ತಿಗೆ ಎಲ್ಲಾ ಸೂತ್ರ ಪುಸ್ತಕ ಮೀಟರು ಹಳೇ ದಿಕ್ಕಲ್ಲೇ ಆಗೋಗಿತ್ತು. ಲೆಕ್ಕಕ್ಕೆ ಏನೂ ವ್ಯತ್ಯಾಸ ಬರಲ್ಲ, ಬಾಣ ಪ್ಲಸ್ಸಿಂದಾನೇ ಹಾಕಿ.

ಸ್ವಿಚ್ ಹಾಕಿದ ತಕ್ಷಣ ಬಲ್ಬ್ ಉರಿಯತ್ತಲ್ಲ, ಎಲೆಕ್ಟ್ರಾನ್ ಅಷ್ಟು ಸ್ಪೀಡಾಗಿ ಓಡತ್ತಾ?

ಇಲ್ಲ, ಬಸವನಹುಳುಗಿಂತ ನಿಧಾನ! 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಲಿ 1 ಆಂಪಿಯರ್ ಹರೀತಿದ್ರೆ ಎಲೆಕ್ಟ್ರಾನುಗಳು ಒಟ್ಟಾರೆ ಮುಂದೆ ಸರಿಯೋದು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್, ಅಂದ್ರೆ ಗಂಟೆಗೆ ಒಂದು ಸ್ಕೇಲ್ ಉದ್ದಾನೂ ಇಲ್ಲ. ಆದ್ರೆ ತಂತಿ ತುಂಬಾ ಎಲೆಕ್ಟ್ರಾನ್ ಮೊದಲೇ ಇದಾವೆ. ಸೈಕಲ್ ಪೆಡಲ್ ತುಳಿದ ತಕ್ಷಣ ಹಿಂದಿನ ಚಕ್ರ ತಿರುಗತ್ತಲ್ಲ, ಮುಂದಿನ ಚೈನ್ ಕೊಂಡಿ ಹಿಂದಕ್ಕೆ ಹೋಗಿ ಮುಟ್ಟಲಿ ಅಂತ ಯಾರೂ ಕಾಯಲ್ಲ, ಇದೂ ಹಾಗೇ, ಇಡೀ ಸುತ್ತು ಒಟ್ಟಿಗೆ ಸರಿಯಕ್ಕೆ ಶುರುವಾಗತ್ತೆ.

ಬಲ್ಬ್ ದಾಟಿದ ಮೇಲೆ ಕರೆಂಟ್ ಕಮ್ಮಿ ಆಗತ್ತಾ?

ಆಗಲ್ಲ ಆಗಲ್ಲ ಆಗಲ್ಲ. ಬಹಳ ಜನರ ತಲೇಲಿ ಕೂತಿರೋ ತಪ್ಪು ಇದು. ಬಲ್ಬು ಕರೆಂಟನ್ನ ತಿಂದು ಹಾಕತ್ತೆ ಅಂತ ನೆನೆಸ್ಕೊಂಡಿರ್ತಾರೆ. ಬಲ್ಬಿನ ಮುಂಚೆ ಒಂದು ಅಮ್ಮೀಟರ್ (ಕರೆಂಟ್ ಅಳೆಯೋ ಮೀಟರ್), ಆದ್ಮೇಲೆ ಒಂದು ಅಮ್ಮೀಟರ್ ಹಾಕಿ ನೋಡಿ, ಎರಡೂ ಒಂದೇ ತೋರ್ಸತ್ತೆ. ಒಳಗೆ ಹೋದಷ್ಟೇ ಆವೇಶ ಹೊರಗೆ ಬರ್ಬೇಕು, ಇಲ್ಲಾಂದ್ರೆ ಬಲ್ಬಲ್ಲಿ ಅದು ಗುಡ್ಡೆ ಬೀಳ್ಬೇಕಾಗತ್ತೆ. ಖರ್ಚಾಗೋದು ಶಕ್ತಿ, ಬೆಳಕು ಬಿಸಿ ಆಗಿ ಹೋಗತ್ತೆ. 'ಬ್ಯಾಟರಿ ಖಾಲಿ ಆಯ್ತು' ಅಂದ್ರೂ ಒಳಗಿನ ಎಲೆಕ್ಟ್ರಾನ್ ಖಾಲಿ ಆಯ್ತು ಅಂತ ಅಲ್ಲ, ಅವನ್ನ ತಳ್ಳಕ್ಕೆ ಬೇಕಾದ ರಾಸಾಯನಿಕ ಕ್ರಿಯೆ ಮುಗೀತು ಅಂತ.

ಹಾಗಾದ್ರೆ ಒಂದು ಬ್ಯಾಟರಿ ಎಷ್ಟು ಕರೆಂಟ್ ಕೊಡತ್ತೆ?

ಪ್ರಶ್ನೆನೇ ಸ್ವಲ್ಪ ತಿರುಗಿಸಿ ಕೇಳ್ಬೇಕು. ಬ್ಯಾಟರಿ ಹಿಡಿದಿಟ್ಕೊಳ್ಳೋದು ವೋಲ್ಟೇಜನ್ನ, ಕರೆಂಟ್ ಎಷ್ಟು ಅಂತ ತೀರ್ಮಾನ ಆಗೋದು ಅದಕ್ಕೆ ಏನು ಸಿಗಿಸಿದೀರ ಅನ್ನೋದರ ಮೇಲೆ. ಅದೇ 12 ವೋಲ್ಟ್ ಬ್ಯಾಟರಿಗೆ 12 ಓಮ್ ಹಾಕಿದ್ರೆ 1 ಆಂಪಿಯರ್, 6 ಓಮ್ ಹಾಕಿದ್ರೆ 2 ಆಂಪಿಯರ್, ಏನೂ ಹಾಕ್ದೇ ಇದ್ರೆ ಸೊನ್ನೆ.

ಅದಕ್ಕೇ '5 ವೋಲ್ಟ್ 3 ಆಂಪಿಯರ್ ಚಾರ್ಜರ್ ಹಾಕಿದ್ರೆ 1 ಆಂಪಿಯರ್ ಫೋನ್ ಸುಟ್ಟೋಗತ್ತಾ' ಅನ್ನೋ ಭಯ ಬೇಡ. 3 ಆಂಪಿಯರ್ ಅನ್ನೋದು ಚಾರ್ಜರಿಗೆ ತಾಕತ್ತು ಎಷ್ಟಿದೆ ಅನ್ನೋ ಲೆಕ್ಕ, ಫೋನ್ ತನಗೆ ಬೇಕಾದಷ್ಟೇ ಎಳ್ಕೊಳತ್ತೆ. ವೋಲ್ಟೇಜ್ ತಪ್ಪಿದ್ರೆ ಮಾತ್ರ ತೊಂದ್ರೆ, 5 ವೋಲ್ಟಿನ ಸಾಮಾನಿಗೆ 12 ವೋಲ್ಟ್ ಅಡಾಪ್ಟರ್ ಹಾಕಿದ್ರೆ ಹೊಗೆ ಗ್ಯಾರಂಟಿ.

ಓಮ್ ನಿಯಮ ಎಲ್ಲದಕ್ಕೂ ಅನ್ವಯ ಆಗತ್ತಾ?

ವೋಲ್ಟೇಜ್ ಎಷ್ಟು ಪಟ್ಟು ಏರತ್ತೋ ಕರೆಂಟೂ ಅಷ್ಟೇ ಪಟ್ಟು ಏರತ್ತೆ ಅನ್ನೋದು ಓಮ್ ನಿಯಮ. ಗಿಯಾರ್ಗ್ ಓಮ್ ಅದನ್ನ 1827ರಲ್ಲಿ ಪ್ರಕಟಿಸಿದ್ದು ಲೋಹದ ತಂತಿಗಳ ಮೇಲೆ ಮಾಡಿದ ಪ್ರಯೋಗದಿಂದ, ಅದೂ ಉಷ್ಣತೆ ಬದಲಾಗಬಾರದು ಅನ್ನೋ ಷರತ್ತು ಇದೆ. ನಿಮ್ಮ ಲ್ಯಾಬಿನ ನಿಕ್ರೋಮ್ (ನಿಕ್ಕಲ್ ಕ್ರೋಮಿಯಂ ಮಿಶ್ರಲೋಹ) ತಂತಿ ಚೆನ್ನಾಗಿ ಪಾಲಿಸತ್ತೆ. ಫಿಲಮೆಂಟ್ ಬಲ್ಬು ಪಾಲಿಸಲ್ಲ, ಆರಿದ್ದಾಗ ಮೀಟರಲ್ಲಿ ಅಳೆದ್ರೆ ಉರಿಯೋವಾಗ ಇರೋ ರೆಸಿಸ್ಟೆನ್ಸಿನ ಹತ್ತನೇ ಒಂದು ಭಾಗದ ಆಸುಪಾಸು ಬರತ್ತೆ, ಮೀಟರ್ ಕೆಟ್ಟಿದೆ ಅಂತ ಬೈಬೇಡಿ. ಎಲ್‌ಇಡಿ ಅಂತೂ ಪಾಲಿಸೋದೇ ಇಲ್ಲ.

ಗ್ರಾಫ್ ಪ್ರಶ್ನೆ ಬಂದ್ರೆ ಮೊದಲು ಯಾವ ಅಕ್ಷದಲ್ಲಿ ಏನಿದೆ ನೋಡಿ. ವೋಲ್ಟೇಜ್ ಮೇಲ್ಮುಖ ಅಕ್ಷದಲ್ಲಿ ಇದ್ರೆ ಗೆರೆಯ ಇಳಿಜಾರೇ ರೆಸಿಸ್ಟೆನ್ಸ್, ಅಡ್ಡ ಅಕ್ಷದಲ್ಲಿ ಇದ್ರೆ ಇಳಿಜಾರು ಅದರ ತಲೆಕೆಳಗು. ಕಡಿದಾದ ಗೆರೆ ನೋಡಿ ಕಣ್ಣು ಮುಚ್ಕೊಂಡು 'ರೋಧ ಜಾಸ್ತಿ' ಅಂತ ಬರೀಬೇಡಿ.

ತಂತಿನ ಎರಡರಷ್ಟು ಉದ್ದಕ್ಕೆ ಎಳೆದ್ರೆ ರೆಸಿಸ್ಟೆನ್ಸ್ ಎರಡರಷ್ಟು ತಾನೇ?

ನಾಲ್ಕರಷ್ಟು. ಉದ್ದ ಎರಡರಷ್ಟಾಯ್ತು, ಅದೇ ಲೋಹ ಎಳೆದಿದ್ದಕ್ಕೆ ಅಡ್ಡಕೊಯ್ತದ ವಿಸ್ತೀರ್ಣ ಅರ್ಧ ಆಯ್ತು. ಎರಡು ತಂತಿನ ತುದಿಗೆ ತುದಿ ಜೋಡ್ಸಿದ್ರೆ ಮಾತ್ರ ಎರಡರಷ್ಟು. ರೋಧಶೀಲತೆ ಎರಡರಲ್ಲೂ ಬದಲಾಗಲ್ಲ, ಅದು ವಸ್ತುವಿನ ಗುಣ. ನಿಕ್ರೋಮಿಂದು ತಾಮ್ರಕ್ಕಿಂತ 60 ಪಟ್ಟಿಗೂ ಜಾಸ್ತಿ, ಇಸ್ತ್ರಿಪೆಟ್ಟಿಗೆ ಕಾಯಿಲ್ಲಿಗೆ ಅದನ್ನೇ ಹಾಕೋದು ಅದಕ್ಕೇ.

ಸರಣಿ, ಸಮಾಂತರ ಎರಡೂ ಇರೋ ಲೆಕ್ಕ ಬಂದ್ರೆ ಕೈಕಾಲೇ ಆಡಲ್ಲ.

ಸರಣಿ ಅಂದ್ರೆ ಒಂದೇ ದಾರೀಲಿ ಒಂದರ ಹಿಂದೆ ಒಂದು, ಸಮಾಂತರ ಅಂದ್ರೆ ದಾರಿ ಕವಲೊಡೆದು ಒಂದೊಂದರಲ್ಲಿ ಒಂದೊಂದು. ಒಂದು ಪೂರ್ತಿ ಮಾಡಿ ತೋರಿಸ್ತೀನಿ, ಪೆನ್ನು ಹಿಡ್ಕೊಂಡು ಜೊತೇಲೇ ಬರೀರಿ. 6 ವೋಲ್ಟ್ ಬ್ಯಾಟರಿ. ಮೊದಲು ಒಂದು 2 ಓಮ್, ಅದಾದ್ಮೇಲೆ ದಾರಿ ಎರಡಾಗತ್ತೆ, ಒಂದರಲ್ಲಿ 3 ಓಮ್ ಇನ್ನೊಂದರಲ್ಲಿ 6 ಓಮ್, ಆಮೇಲೆ ಸೇರಿ ಬ್ಯಾಟರಿಗೆ ವಾಪಸ್.

ಸಮಾಂತರದ್ದು ಮೊದಲು: 1/3 + 1/6 = 1/2, ತಿರುಗಿಸಿದ್ರೆ 2 ಓಮ್. ಈ ತಿರುಗ್ಸೋದನ್ನ ಮರೆತು ಅರ್ಧ ಓಮ್ ಅಂತ ಬರೆಯೋರು ಪ್ರತಿ ಕ್ಲಾಸಲ್ಲೂ ಇರ್ತಾರೆ. ಸಮಾಂತರದ ಉತ್ತರ ಯಾವಾಗ್ಲೂ ಇರೋದರಲ್ಲಿ ಚಿಕ್ಕ ರೆಸಿಸ್ಟರಿಗಿಂತ ಕಮ್ಮಿ ಇರ್ಬೇಕು, ಇಲ್ಲಿ 3ಕ್ಕಿಂತ 2 ಕಮ್ಮಿ, ಸರಿ. ಒಟ್ಟು 2 + 2 = 4 ಓಮ್. ಕರೆಂಟ್ 6/4 = 1.5 ಆಂಪಿಯರ್. ಮೊದಲ 2 ಓಮಿನ ಮೇಲೆ 1.5 × 2 = 3 ವೋಲ್ಟ್, ಉಳಿದ 3 ವೋಲ್ಟ್ ಆ ಜೋಡಿ ಮೇಲೆ. 3 ಓಮಲ್ಲಿ 1 ಆಂಪಿಯರ್, 6 ಓಮಲ್ಲಿ 0.5, ಕೂಡಿದ್ರೆ 1.5. ತಾಳೆ ಆಯ್ತು.

ಈಗ ಆ 6 ಓಮನ್ನ ಕಿತ್ತಾಕಿ. 3 ಓಮಲ್ಲಿ ಕರೆಂಟ್ ಎಷ್ಟಾಗತ್ತೆ? ಉಳಿದಿದ್ದ 0.5 ಆಂಪಿಯರೂ ಇದಕ್ಕೇ ಬರತ್ತೆ, 1.5 ಆಗತ್ತೆ ಅಂತಾರೆ ಕೆಲವರು, ಅದು ಬೇರೆ ದಾರಿ ಇದಕ್ಕೇನು ಸಂಬಂಧ, 1 ಆಂಪಿಯರೇ ಇರತ್ತೆ ಅಂತಾರೆ ಇನ್ನು ಕೆಲವರು. ಎರಡೂ ಅಲ್ಲ. ಒಟ್ಟು ರೆಸಿಸ್ಟೆನ್ಸ್ 5 ಓಮ್ ಆಯ್ತು, ಕರೆಂಟ್ 6/5 = 1.2 ಆಂಪಿಯರ್, ಅದೇ 3 ಓಮಲ್ಲೂ ಹರಿಯತ್ತೆ. ಅಂದ್ರೆ ಬ್ಯಾಟರಿಯಿಂದ ಬರೋ ಕರೆಂಟ್ 1.5ರಿಂದ 1.2ಕ್ಕೆ ಇಳೀತು, ಆದ್ರೆ 3 ಓಮಿಂದು 1ರಿಂದ 1.2ಕ್ಕೆ ಏರ್ತು. ಎಲ್ಲೋ ಒಂದು ಕಡೆ ಕೈ ಹಾಕಿದ್ರೆ ಇಡೀ ಸರ್ಕ್ಯೂಟಿನ ಲೆಕ್ಕ ಬದಲಾಗತ್ತೆ, ಕರೆಂಟು ಮುಂದೆ ಏನಿದೆ ಅಂತ ಒಂದೊಂದೇ ನೋಡ್ಕೊಂಡು ಹೋಗಲ್ಲ. ಇದೊಂದು ಲೆಕ್ಕ ಸರಿಯಾಗಿ ಅರ್ಥ ಆದ್ರೆ ಉಳಿದ ಪಾಠ ಸಲೀಸು ಅಂತ ನನ್ನ ಅಭಿಪ್ರಾಯ.

3 ವ್ಯಾಟ್ ಬಲ್ಬು, 6 ವ್ಯಾಟ್ ಬಲ್ಬು: ಯಾವುದು ಜಾಸ್ತಿ ಬೆಳಗತ್ತೆ?

ಹೇಗೆ ಜೋಡ್ಸಿದೀರ ಅಂತ ಹೇಳ್ದೇ ಉತ್ತರ ಇಲ್ಲ. ಎರಡೂ 6 ವೋಲ್ಟಿನ ಬಲ್ಬ್ ಅಂತ ಇಟ್ಕೊಳ್ಳಿ. ವೋಲ್ಟೇಜಿನ ವರ್ಗನ ವ್ಯಾಟಿಂದ ಭಾಗ್ಸಿದ್ರೆ 3 ವ್ಯಾಟಿಂದು 12 ಓಮ್, 6 ವ್ಯಾಟಿಂದು 6 ಓಮ್. ಸಮಾಂತರವಾಗಿ 6 ವೋಲ್ಟಿಗೆ ಹಾಕಿದ್ರೆ ಮೇಲೆ ಬರೆದಷ್ಟೇ ವ್ಯಾಟ್, ದೊಡ್ಡದೇ ಗೆಲ್ಲತ್ತೆ. ಸರಣಿಲಿ ಹಾಕಿದ್ರೆ ಒಟ್ಟು 18 ಓಮ್, ಕರೆಂಟ್ 1/3 ಆಂಪಿಯರ್, ಆಗ 3 ವ್ಯಾಟಿನ ಬಲ್ಬಲ್ಲಿ 1.33 ವ್ಯಾಟ್, 6 ವ್ಯಾಟಿನದರಲ್ಲಿ ಬರೀ 0.67. ಚಿಕ್ಕ ಬಲ್ಬೇ ಜಾಸ್ತಿ! (ಬಿಸಿ ಕಮ್ಮಿ ಆದಾಗ ಫಿಲಮೆಂಟ್ ರೆಸಿಸ್ಟೆನ್ಸೂ ಕಮ್ಮಿ ಆಗೋದ್ರಿಂದ ನಿಜವಾಗಿ ಅಳೆದ್ರೆ ಅಂಕಿ ಸ್ವಲ್ಪ ಬೇರೆ ಬರತ್ತೆ, ಗೆಲ್ಲೋದು ಅದೇ.)

ವ್ಯಾಟ್ ಲೆಕ್ಕದ ಒಂದು ಸೂತ್ರದಲ್ಲಿ ರೆಸಿಸ್ಟೆನ್ಸ್ ಮೇಲಿದೆ ಇನ್ನೊಂದರಲ್ಲಿ ಕೆಳಗಿದೆ, ಯಾವುದು ಸರಿ ಅಂತ ಕೇಳ್ತಾರಲ್ಲ, ಅದಕ್ಕೂ ಇದೇ ಉತ್ತರ. ಐ ಅಂದ್ರೆ ಕರೆಂಟ್, ವಿ ವೋಲ್ಟೇಜ್, ಆರ್ ರೆಸಿಸ್ಟೆನ್ಸ್. ಎರಡಕ್ಕೂ ಕರೆಂಟ್ ಒಂದೇ ಇದ್ರೆ ಐ ವರ್ಗ × ಆರ್ ಹಾಕಿ ಹೋಲಿಸಿ, ವೋಲ್ಟೇಜ್ ಒಂದೇ ಇದ್ರೆ ವಿ ವರ್ಗ ÷ ಆರ್.

ಮೀಟರಲ್ಲಿ 12 ವೋಲ್ಟ್ ತೋರ್ಸತ್ತೆ, ಆದ್ರೂ ಸ್ಕೂಟರ್ ಸೆಲ್ಫ್ ತಗೊಳಲ್ಲ, ಯಾಕೆ?

ಒಳ್ಳೇ ಪ್ರಶ್ನೆ, ಪುಸ್ತಕದಲ್ಲಿ ಇದರ ಬಗ್ಗೆ ಕಮ್ಮಿ ಇದೆ. ಬ್ಯಾಟರಿ ಒಳಗೇ ಒಂದಿಷ್ಟು ರೆಸಿಸ್ಟೆನ್ಸ್ ಇರತ್ತೆ, ಆಂತರಿಕ ರೋಧ ಅಂತಾರೆ. ಕರೆಂಟ್ ಹರಿಯದೇ ಇದ್ದಾಗ ಅದರ ಮೇಲೆ ವೋಲ್ಟೇಜ್ ಬೀಳಲ್ಲ, ಮೀಟರ್ ಎಳ್ಕೊಳ್ಳೋದು ಚೂರೇ ಚೂರು, ಅದಕ್ಕೇ ಪೂರ್ತಿ ತೋರ್ಸತ್ತೆ. ಬೆಳಗ್ಗೆ ಚಳೀಲಿ ಸೆಲ್ಫ್ ಬಟನ್ ಒತ್ತಿದಾಗ ಮೀಟರ್ ಬೋರ್ಡಿನ ಲೈಟ್ ಮಂಕಾಗಿ, ಸೀಟ್ ಕೆಳಗಿಂದ ಟಕ್ ಟಕ್ ಟಕ್ ಅಂತ ರಿಲೇ (ಮೋಟರಿಗೆ ಕರೆಂಟ್ ಬಿಡೋ ವಿದ್ಯುತ್ ಸ್ವಿಚ್ಚು) ಸದ್ದು ಬರತ್ತಲ್ಲ, ಆಗ ಆಗ್ತಿರೋದು ಇದೇ: ಮೋಟರ್ ಹತ್ತಾರು ಆಂಪಿಯರ್ ಎಳೆಯತ್ತೆ, ಹಳೇ ಬ್ಯಾಟರಿ ಒಳಗಿನ ರೋಧ ಜಾಸ್ತಿ ಆಗಿರತ್ತೆ, ಅಲ್ಲೇ ಅರ್ಧ ವೋಲ್ಟೇಜ್ ಬಿದ್ದೋಗತ್ತೆ, ರಿಲೇ ಹಿಡ್ಕೊಳಕ್ಕೂ ಸಾಕಾಗಲ್ಲ ಬಿಟ್ಬಿಡತ್ತೆ, ಬಿಟ್ಟ ತಕ್ಷಣ ವೋಲ್ಟೇಜ್ ಮೇಲೆ ಬರತ್ತೆ, ಮತ್ತೆ ಹಿಡ್ಕೊಳತ್ತೆ.

ಲೆಕ್ಕದಲ್ಲಿ ಬೇಕಂದ್ರೆ: 1.5 ವೋಲ್ಟ್ ಸೆಲ್, ಒಳಗೆ 0.5 ಓಮ್, ಹೊರಗೆ 2.5 ಓಮ್. ಕರೆಂಟ್ 0.5 ಆಂಪಿಯರ್, ಸೆಲ್ಲಿನ ತುದೀಲಿ ಸಿಗೋದು 1.25 ವೋಲ್ಟ್ ಮಾತ್ರ. ಟಾರ್ಚಿಗೆ ಹೊಸ ಸೆಲ್ಲಿನ ಜೊತೆ ಹಳೇದು ಸೇರಿಸಬೇಡಿ ಅನ್ನೋದೂ ಇದಕ್ಕೇ.

ಸೆಲ್ಲುಗಳನ್ನ ಸರಣಿಲಿ ಹಾಕೋದಾ ಸಮಾಂತರದಲ್ಲಾ?

ವೋಲ್ಟೇಜ್ ಬೇಕಂದ್ರೆ ಸರಣಿ, ಬಹಳ ಹೊತ್ತು ಬರ್ಬೇಕಂದ್ರೆ ಸಮಾಂತರ. ಕಾರಿನ 12 ವೋಲ್ಟ್ ಬ್ಯಾಟರಿ ಅಂದ್ರೆ ಒಳಗೆ ಸುಮಾರು 2 ವೋಲ್ಟಿನ 6 ಸೆಲ್ ಸರಣಿಲಿ. ಬೇರೆ ಬೇರೆ ವೋಲ್ಟೇಜಿಂದನ್ನ ಸಮಾಂತರದಲ್ಲಿ ಜೋಡಿಸ್ಬೇಡಿ, ಒಂದು ಇನ್ನೊಂದಕ್ಕೆ ಕರೆಂಟ್ ತಳ್ಳಕ್ಕೆ ಶುರು ಮಾಡತ್ತೆ.

ಎಲ್‌ಇಡಿನ ನೇರವಾಗಿ 9 ವೋಲ್ಟ್ ಬ್ಯಾಟರಿಗೆ ಹಾಕ್ಬಹುದಾ?

ಒಂದು ಕ್ಷಣ ಚೆನ್ನಾಗಿ ಬೆಳಗತ್ತೆ, ಆಮೇಲೆ ಸತ್ತೋಗತ್ತೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಗೊಳತ್ತೆ, ಅದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ರೂ ಕರೆಂಟ್ ಸರ್ರಂತ ಏರತ್ತೆ, ಅದಕ್ಕೆ ಸರಣಿಲಿ ಒಂದು ರೆಸಿಸ್ಟರ್ ಬೇಕೇ ಬೇಕು. ಉಳಿದ 7 ವೋಲ್ಟ್ ಅದರ ಮೇಲೆ ಬೀಳ್ಬೇಕು, 15 ಮಿಲಿ ಆಂಪಿಯರ್ ಸಾಕು ಅಂದ್ರೆ 7 ÷ 0.015 = 467 ಓಮ್, ಅಂಗಡೀಲಿ 470 ಸಿಗತ್ತೆ, ಅದರ ಮೈಮೇಲಿನ ಪಟ್ಟಿಗಳ ಬಣ್ಣ ಹಳದಿ, ನೇರಳೆ, ಕಂದು, ಕೊನೇಲಿ ಬಂಗಾರ. ಬಿಸಿಯಾಗಿ ಹೋಗೋದು 0.1 ವ್ಯಾಟ್ ಅಷ್ಟೇ, ಕಾಲು ವ್ಯಾಟಿನ ಮಾಮೂಲಿ ರೆಸಿಸ್ಟರ್ ಸಾಕು. ಬಿಳಿ ಎಲ್‌ಇಡಿಗೆ 3 ವೋಲ್ಟ್ ಅಂತ ಹಾಕಿ ಲೆಕ್ಕ ಮಾಡಿ. ಉದ್ದ ಕಾಲು ಪ್ಲಸ್ಸು, ಉಲ್ಟಾ ಹಾಕಿದ್ರೆ ಉರಿಯಲ್ಲ. ರೆಸಿಸ್ಟರ್ ಎಲ್‌ಇಡಿಗಿಂತ ಮುಂಚೆ ಇರ್ಬೇಕಾ ಆಮೇಲಾ ಅಂತ ಕೇಳ್ಬೇಡಿ, ಕರೆಂಟ್ ಎಲ್ಲಾ ಕಡೆ ಒಂದೇ ಅಂತ ಮೇಲೆ ಹೇಳಿದ್ನಲ್ಲ, ಯಾವ ಕಡೆ ಇದ್ರೂ ಒಂದೇ.

ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡಲ್ಲಿ ಇವೆಲ್ಲಾ ಸಿಗತ್ತೆ, ಬೇರೆ ಊರಲ್ಲಿ ಟಿವಿ ರಿಪೇರಿ ಅಂಗಡೀಲಿ ಕೇಳಿ, ಹಳೇ ಬೋರ್ಡಿಂದ ಕಿತ್ತು ಕೊಟ್ರೂ ಕೊಡ್ತಾರೆ.

ಮಲ್ಟಿಮೀಟರ್ ಹೇಗೆ ಹಿಡಿಯೋದು? ಸುಟ್ಟೋಗತ್ತಾ?

ವೋಲ್ಟೇಜ್ ಅಳೆಯಕ್ಕೆ ಸರ್ಕ್ಯೂಟ್ ಬಿಚ್ಚಬೇಕಿಲ್ಲ, ಎರಡು ತುದಿಗೆ ಎರಡು ಪ್ರೋಬ್ ಮುಟ್ಟಿಸಿದ್ರೆ ಆಯ್ತು, ಅಂದ್ರೆ ಸಮಾಂತರ. ಕರೆಂಟ್ ಅಳೆಯಕ್ಕೆ ಒಂದು ಕಡೆ ತಂತಿ ಬಿಚ್ಚಿ ಆ ಗ್ಯಾಪಲ್ಲಿ ಮೀಟರ್ ಕೂರಿಸ್ಬೇಕು, ಅಂದ್ರೆ ಸರಣಿ. ವೋಲ್ಟ್‌ಮೀಟರಿನ ರೋಧ ತುಂಬಾ ಜಾಸ್ತಿ, ಅಮ್ಮೀಟರಿಂದು ಹೆಚ್ಚುಕಮ್ಮಿ ಸೊನ್ನೆ. ಅನಾಹುತ ಆಗೋದು ಇಲ್ಲೇ: ಕರೆಂಟ್ ಅಳೆದು ಮುಗಿಸಿ ಕೆಂಪು ಪ್ರೋಬನ್ನ 10 ಆಂಪಿಯರ್ ತೂತಲ್ಲೇ ಬಿಟ್ಟು, ನಾಬ್ ಮಾತ್ರ ವೋಲ್ಟಿಗೆ ತಿರುಗ್ಸಿ, ಬ್ಯಾಟರಿಯ ಎರಡು ತುದಿಗೆ ಮುಟ್ಟಿಸ್ತಾರೆ. ನಾಬ್ ಎಲ್ಲೇ ಇರ್ಲಿ, ಆ ತೂತಿಂದ ಒಳಗೆ ಇರೋದು ಒಂದು ದಪ್ಪ ತಂತಿ, ಸೀದಾ ಶಾರ್ಟ್ ಸರ್ಕ್ಯೂಟ್. ಅಗ್ಗದ ಮೀಟರಲ್ಲಿ ಆ ದಾರೀಲಿ ಫ್ಯೂಸ್ ಇರೋದೂ ಡೌಟು. ಪ್ರತಿ ಸಲ ಕರೆಂಟ್ ಅಳೆದ ಮೇಲೆ ಮೊದಲು ಪ್ರೋಬ್ ಕಿತ್ತು ಮಾಮೂಲಿ ಜಾಗಕ್ಕೆ ಹಾಕಿ.

ಓಮ್ ಅಳೆಯೋವಾಗ ಬ್ಯಾಟರಿ ತೆಗೆದಿರ್ಬೇಕು, ರೆಸಿಸ್ಟರಿನ ಒಂದು ಕಾಲಾದ್ರೂ ಬಿಚ್ಚಿರ್ಬೇಕು, ಇಲ್ಲಾಂದ್ರೆ ಪಕ್ಕದ ದಾರಿಗಳೂ ಸೇರಿ ತಪ್ಪು ಅಂಕಿ ಬರತ್ತೆ. ಮತ್ತೆ ಇದ್ಯಾವುದನ್ನೂ ಗೋಡೆ ಸಾಕೆಟ್ಟಲ್ಲಿ ಟ್ರೈ ಮಾಡ್ಬೇಡಿ.

ಡಿಸಿ ಶಾಕ್ ಹೊಡಿಯಲ್ಲ ಅಂತಾರೆ, ನಿಜಾನಾ?

ಸುಳ್ಳು. ಒಣಗಿದ ಕೈಗೆ 12 ವೋಲ್ಟ್ ಗೊತ್ತಾಗಲ್ಲ, ಅದು ವೋಲ್ಟೇಜ್ ಕಮ್ಮಿ ಅಂತ, ಡಿಸಿ ಅಂತ ಅಲ್ಲ. ತಾರಸಿ ಮೇಲಿನ ಸೋಲಾರ್ ಪ್ಯಾನೆಲ್ ಸಾಲಲ್ಲಿ ನೂರಾರು ವೋಲ್ಟ್ ಡಿಸಿ ಇರ್ಬಹುದು, ಬಿಸಿಲಿರೋ ತನಕ ಅದನ್ನ ಆಫ್ ಮಾಡಕ್ಕೂ ಆಗಲ್ಲ. ಕಿಡಿ ಹತ್ತಿದ್ರೆ ಡಿಸಿನೇ ಜಾಸ್ತಿ ಕಾಟ, ಎಸಿ ಆದ್ರೆ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಕಿಡಿ ಆರೋ ಅವಕಾಶ ಇರತ್ತೆ, ಡಿಸಿಲಿ ಇಲ್ಲ. ಅದಕ್ಕೇ ಎಸಿ ಸ್ವಿಚ್ಚನ್ನ ದೊಡ್ಡ ಡಿಸಿಗೆ ಹಾಕಬಾರದು.

12 ವೋಲ್ಟಲ್ಲೂ ಒಂದು ಅಪಾಯ ಇದೆ. ಯುಪಿಎಸ್ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್, ಉಂಗುರ, ಬಳೆ ಏನಾದ್ರೂ ತಾಗಿದ್ರೆ ನೂರಾರು ಆಂಪಿಯರ್ ಹರಿದು ಲೋಹ ಕೆಂಪಗೆ ಕಾಯತ್ತೆ. ಶಾಕ್ ಇಲ್ಲ, ಸುಟ್ಟ ಗಾಯ.

5000 ಎಂಎಎಚ್ ಫೋನ್ ದಿನಾ ಚಾರ್ಜ್ ಮಾಡಿದ್ರೆ ಕರೆಂಟ್ ಬಿಲ್ ಎಷ್ಟು?

ಎಂಎಎಚ್ ಅಂದ್ರೆ ಮಿಲಿ ಆಂಪಿಯರ್ ಅವರ್, 5000 ಅಂದ್ರೆ 5 ಆಂಪಿಯರ್ ಅವರ್. 5 ಆಂಪಿಯರ್ ಅವರ್ × ಬ್ಯಾಟರಿಯ ಸುಮಾರು 3.85 ವೋಲ್ಟ್ = 19 ವ್ಯಾಟ್ ಅವರ್ ಚಿಲ್ಲರೆ. 1 ಯೂನಿಟ್ ಅಂದ್ರೆ 1000 ವ್ಯಾಟ್ ಅವರ್. ಚಾರ್ಜರಲ್ಲಿ ಬಿಸಿಯಾಗಿ ಹೋಗೋದನ್ನ ಸೇರಿಸಿದ್ರೂ ಒಂದು ತಿಂಗಳಿಗೆ ಒಂದು ಯೂನಿಟ್ ಆಗಲ್ಲ. ಅಪ್ಪ ಬೈದ್ರೆ ಗೀಸರ್ ಕಡೆ ಕೈ ತೋರ್ಸಿ.

ಕಿರ್ಚಾಫ್ ನಿಯಮ ಎಸ್ಸೆಸ್ಸೆಲ್ಸಿಗೆ ಬೇಕಾ?

ಬೇಡ, ಪಿಯುಸಿಲಿ ಬರತ್ತೆ. ಆದ್ರೆ ಮೇಲಿನ ಲೆಕ್ಕದಲ್ಲಿ 1 + 0.5 = 1.5, 3 + 3 = 6 ಅಂತ ತಾಳೆ ನೋಡಿದ್ರಲ್ಲ, 1845ರಲ್ಲಿ ಅವನು ಹೇಳಿದ್ದು ಅದನ್ನೇ.

ಪರೀಕ್ಷೇಲಿ ಮಾರ್ಕ್ಸ್ ಹೋಗೋದು ಎಲ್ಲಿ?

ಲೆಕ್ಕಕ್ಕಿಂತ ಚಿತ್ರದಲ್ಲಿ. ಸೆಲ್ಲಿನ ಉದ್ದ ಗೆರೆ ಪ್ಲಸ್ಸು, ಗಿಡ್ಡದು ಮೈನಸ್ಸು, ಅಮ್ಮೀಟರಿನ ಪ್ಲಸ್ಸು ಸೆಲ್ಲಿನ ಪ್ಲಸ್ ಕಡೆಗೇ ಬರ್ಬೇಕು, ವೋಲ್ಟ್‌ಮೀಟರ್ ರೆಸಿಸ್ಟರಿನ ಅಕ್ಕಪಕ್ಕಕ್ಕೆ ಸಮಾಂತರ. ದಾಟಿ ಹೋಗೋ ತಂತಿ ಬೇರೆ, ಸೇರೋ ತಂತಿ ಬೇರೆ, ಸೇರೋ ಕಡೆ ಚುಕ್ಕೆ ಇಡಿ. ಮಿಲಿ ಆಂಪಿಯರ್ ಕೊಟ್ಟಿದ್ರೆ ಸೂತ್ರಕ್ಕೆ ಹಾಕೋಕೆ ಮುಂಚೆನೇ 1000ದಿಂದ ಭಾಗ್ಸಿ, ನಿಮಿಷ ಕೊಟ್ಟಿದ್ರೆ ಸೆಕೆಂಡ್ ಮಾಡ್ಕೊಳ್ಳಿ, ಉತ್ತರದ ಮುಂದೆ ಓಮ್ ಆಂಪಿಯರ್ ಅಂತ ಏಕಮಾನ ಬರೀರಿ.